ಬಿಳಿ ಗುಲಾಬಿಗೆ ಕೆಂಪು ಚುಕ್ಕೆ: ಮಳೆಗಾಲದ ವರದಿ

ಆಟಿ ತಿಂಗಳ ನಡುವೆ, ಹೊರಗೆ ಮಳೆ ಜಡಿಯುತ್ತಿರುವಾಗಲೇ, ನಮ್ಮ ತಾರಸಿಯಲ್ಲಿ ಐಸ್‌ಬರ್ಗ್ ಅನ್ನುವ ಬಿಳಿ ಗುಲಾಬಿಯ ಒಂದು ಗೊಂಚಲು ಪೂರ್ತಿ ಅರಳಿದೆ. ಒಂದು ಚುಕ್ಕೆಯೂ ಇಲ್ಲ. ಬೆಂಗಳೂರಿನ ಗುಲಾಬಿ ಮಿತ್ರರಿಗೆ ಇದರಲ್ಲಿ ಎಂತ ವಿಶೇಷ ಅನಿಸಬಹುದು. ಉಡುಪಿ ಪಕ್ಕದ ನಮ್ಮ ಕಟಪಾಡಿಯಲ್ಲಿ ಗುಲಾಬಿ ಸಾಕುವವರನ್ನು ಕೇಳಿ, ಹೇಳುತ್ತಾರೆ. ಉಡುಪಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ತಲೆ ಮೇಲೆ ಬೀಳುತ್ತದೆ. ಕೆಂಪು ಗುಲಾಬಿಯಾದರೆ ಕಲೆ ಇದ್ದರೂ ಗೊತ್ತಾಗುವುದಿಲ್ಲ. ಬಿಳಿಯದು ಎಲ್ಲವನ್ನೂ ಊರಿಗೇ ತೋರಿಸುತ್ತದೆ.

ಮಣ್ಣು, ಗೊಬ್ಬರ, ಪ್ರೂನಿಂಗ್ ಬಗ್ಗೆ ಈ ಸಲ ಬರೆಯುವುದಿಲ್ಲ. ಸುಡುಮಣ್ಣು (ಕಸಕಡ್ಡಿ ಜೊತೆ ಸುಟ್ಟ ಮಣ್ಣು), ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ, ಎಲ್ಲ ಮೊದಲಿನ ಹಾಗೆಯೇ. ಮುರಕಲ್ಲಿನ ಮಣ್ಣು ಹುಳಿ ಅಂತ ನಿಮಗೆ ಗೊತ್ತು, ಹಾಗಾಗಿ ಒಂದು ಹಿಡಿ ಚಿಪ್ಪಿನ ಸುಣ್ಣ. ಸುಡುಮಣ್ಣು ಧಾರಾಳ ಹಾಕಿದವರಿಗೆ ಅದೂ ಬೇಡ. ಕರಿಚುಕ್ಕೆ ರೋಗಕ್ಕೆ ಎಲೆ ಉದುರುತ್ತಿದೆ, ಅದು ಪ್ರತಿ ಮಳೆಗಾಲದ ಮಾಮೂಲು. ನನ್ನ ತಲೆ ತಿಂದದ್ದು ಹೂವಿನ ಚುಕ್ಕೆ.

ಮೊದಲು ತಾರಸಿಯಲ್ಲಿ ಯಾರ್ಯಾರು ಇದ್ದಾರೆ ಅಂತ ಹೇಳಿಬಿಡುತ್ತೇನೆ. ಐಸ್‌ಬರ್ಗ್ ಜಾಸ್ತಿ. ಜರ್ಮನಿಯ ಕೋರ್ಡೆಸ್ ಮನೆತನದವರು 1958ರಲ್ಲಿ ಬಿಟ್ಟ ಫ್ಲೋರಿಬಂಡಾ, ಅಂದರೆ ಗೊಂಚಲಾಗಿ ಹೂ ಬಿಡುವ ಜಾತಿ. ರಾಬಿನ್ ಹುಡ್ ಮತ್ತು ವರ್ಗೋ ಅದರ ತಂದೆತಾಯಿ. 1983ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಅದನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಆಮೇಲೆ ಟಿನೆಕೆ, ಹೂವಿನಂಗಡಿಯ ಬೊಕೆಗಳಲ್ಲಿ ಕಾಣುವ ದಪ್ಪ ಮೊಗ್ಗಿನ ಬಿಳಿ. 1965ರ ಜಾನ್ ಎಫ್. ಕೆನಡಿ ಒಂದು ಉಂಟು, ಮೊಗ್ಗಿನಲ್ಲಿ ಸ್ವಲ್ಪ ಹಸಿರು ಛಾಯೆ ಬರುತ್ತದಲ್ಲ, ಅದು. ಬೆಲ್ಜಿಯಂನ ಲೆನ್ಸ್ ಅವರ 1963ರ ಪಾಸ್ಕಲಿ ಅಂತ ಹೇಳಿ ಕೊಟ್ಟ ಇನ್ನೊಂದು ಗಿಡ ಇದೆ. ಅದು ಪಾಸ್ಕಲಿ ಹೌದೋ ಅಲ್ಲವೋ, ದೇವರಿಗೇ ಗೊತ್ತು.

ಇಲ್ಲಿ ಸ್ವಲ್ಪ ಬೈದುಕೊಳ್ಳಲು ಬಿಡಿ. ನಮ್ಮ ಕಡೆ ಮಾರುವವರಿಗೆ ಗೊಂಚಲಾಗಿ ಬಿಳಿ ಹೂ ಬಿಟ್ಟದ್ದೆಲ್ಲ ಐಸ್‌ಬರ್ಗ್, ಒಂಟಿಯಾಗಿ ಬಿಟ್ಟದ್ದೆಲ್ಲ "ವೈಟ್ ಡಚ್". ಆನ್‌ಲೈನ್‌ನಲ್ಲಿ ತರಿಸಿದ ಒಂದು ಗಿಡ ಕಲ್ಲಿನಂಥ ಕೆಂಪು ಜೇಡಿಯ ಉಂಡೆಯೊಳಗೆ ಬಂತು. ಕಸಿ ಭಾಗ ದಾರಿಯಲ್ಲೇ ಒಣಗಿತ್ತು, ಕೆಳಗಿನ ಬೇರುಗಿಡ ಮಾತ್ರ ಸೊಂಪಾಗಿ ಚಿಗುರಿತ್ತು. ದೂರು ಕೊಟ್ಟರೆ "ಗಿಡ ಜೀವಂತ ಇದೆಯಲ್ಲ ಸರ್" ಅಂತ ಉತ್ತರ. ಹೌದು, ಜೀವಂತ ಇದೆ, ಬೇರೆ ಯಾರದ್ದೋ ಜೀವ. ಐಸ್‌ಬರ್ಗ್ ಹುಡುಕುವವರು ಕಡ್ಡಿ ನೋಡಿ: ಮುಳ್ಳು ಕಡಿಮೆ, ಎಲೆ ತಿಳಿ ಹಸಿರು ಮತ್ತು ಹೊಳಪು, ಮೊಗ್ಗು ನೀಳ. ಚೀಟಿಯನ್ನು ಮಾತ್ರ ನಂಬಬೇಡಿ.

ಈಗ ಚುಕ್ಕೆಯ ವಿಷಯ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಿಳಿ ದಳಗಳ ಮೇಲೆ ಸಾಸಿವೆಗಿಂತ ಸಣ್ಣ ನಸುಗೆಂಪು ಚುಕ್ಕೆಗಳು ಬರುತ್ತಿದ್ದವು. ಕೆಲವು ಉಂಗುರದ ಹಾಗೆ, ನಡುವೆ ಬಿಳಿ, ಸುತ್ತ ಕೆಂಪು. ಮಾರನೇ ದಿನ ಚುಕ್ಕೆ ಕಂದಾಗುತ್ತಿತ್ತು, ಆಮೇಲೆ ದಳವೇ ಕೊಳೆಯುತ್ತಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಕಾರಣ ಗೊತ್ತಿತ್ತು. ಗಿಡ ಕೊಟ್ಟವರು ಹೇಳಿದರು, "ಜಾತಿ ತಿರುಗುತ್ತಾ ಉಂಟು, ಮುಂದಿನ ವರ್ಷ ಪಿಂಕ್ ಬರ್ತದೆ." ಅಮ್ಮನ ಪ್ರಕಾರ ಬಾವಿ ನೀರಿನ ಕಬ್ಬಿಣ, ಬಾಲ್ದಿಗೆ ಹಿಡಿಯುವ ಕಲೆ ಹೂವಿಗೂ ಹಿಡಿಯುತ್ತಿದೆ. ಗುಲಾಬಿ ಬೆಳೆಸುವ ಇನ್ನೊಬ್ಬರದು ಒಂದೇ ಮಾತು, ಥ್ರಿಪ್ಸ್, ಅಂದರೆ ರಸ ಹೀರುವ ಸಣ್ಣ ಹುಳ.

ಜಾತಿ ತಿರುಗುವ ಮಾತು ಪೂರ್ತಿ ಸುಳ್ಳಲ್ಲ. ಐಸ್‌ಬರ್ಗ್‌ನಲ್ಲಿ ಒಂದು ಕೊಂಬೆ ಬಣ್ಣ ಬದಲಿಸಿ, ಅದರಿಂದ ಗುಲಾಬಿ ಬಣ್ಣದ ಮತ್ತು ಕಡುಗೆಂಪು ಐಸ್‌ಬರ್ಗ್‌ಗಳು ಬಂದದ್ದುಂಟು. ಆದರೆ ಹಾಗೆ ಬದಲಾದರೆ ದಳವೇ ಬಣ್ಣ ತಿರುಗಬೇಕು. ಹೀಗೆ ಸಿಡುಬು ಎದ್ದ ಹಾಗೆ ಚುಕ್ಕೆ ಬೀಳುವುದಿಲ್ಲ. ನೀರಿನ ಕಬ್ಬಿಣವಾದರೆ ಬೇಸಿಗೆಯಲ್ಲೂ ಇರಬೇಕಿತ್ತಲ್ವಾ? ಬೇಸಿಗೆಯಲ್ಲಿ ಅದೇ ಬಾವಿ, ಅದೇ ನೀರು, ಹೂವು ಶುಭ್ರ. ಥ್ರಿಪ್ಸ್ ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನ ಕಾಟ, ಅದು ದಳದ ಅಂಚನ್ನು ಸುಟ್ಟ ಹಾಗೆ ಕಂದು ಮಾಡುತ್ತದೆ. ಆದರೂ ಬಿಳಿ ಕಾಗದದ ಮೇಲೆ ಹೂವನ್ನು ತಟ್ಟಿ ನೋಡಿದೆ. ಬಿದ್ದದ್ದು ನೀರು, ಮತ್ತೊಂದು ಸಣ್ಣ ಜೇಡ.

ಕೊನೆಗೆ ಚುಕ್ಕೆ ಇದ್ದ ಹೂವನ್ನು ಒದ್ದೆ ಟಿಶ್ಯೂ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಅಡುಗೆಮನೆಯ ಕಪಾಟಿನಲ್ಲಿ ಇಟ್ಟದ್ದಕ್ಕೆ ಬೈಗುಳ ತಿಂದದ್ದು ಬೇರೆ ಕಥೆ. ಎರಡು ಮೂರು ದಿನದಲ್ಲಿ ಚುಕ್ಕೆಗಳಿದ್ದ ಜಾಗದಿಂದಲೇ ಬೂದು ಬಣ್ಣದ ಬೂಷ್ಟು ಎದ್ದಿತ್ತು. ಮುಚ್ಚಳ ತೆಗೆದಾಗ ಹೊಗೆಯ ಹಾಗೆ ಹಾರಿತು. ಬೊಟ್ರೈಟಿಸ್! ದ್ರಾಕ್ಷಿಗೂ ಸ್ಟ್ರಾಬೆರಿಗೂ ಬರುವ ಅದೇ ಬೂದು ಬೂಷ್ಟು. ಅದರ ಬೀಜಕಣ ದಳದ ಮೇಲೆ ಕೂತು ಮೊಳೆಯಲು ಕೆಲವು ಗಂಟೆ ನೀರಿನ ಪಸೆ ಸಾಕು. ಗಿಡ ಅದನ್ನು ಅಲ್ಲೇ ತಡೆದ ಗುರುತೇ ಆ ಕೆಂಪು ಚುಕ್ಕೆ. ತಡೆಯಲು ಆಗದಿದ್ದರೆ ಕೊಳೆ.

ಕಾರಣ ಸಿಕ್ಕಿತು, ಇನ್ನು ಔಷಧಿ ಹೊಡೆದರೆ ಮುಗಿಯಿತು ಅಂತ ನೀವು ಹೇಳಬಹುದು. ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಕಲಸಿದ ಆ ಮಾಮೂಲಿ ಪುಡಿ ಎಲ್ಲರ ಮನೆಯಲ್ಲೂ ಇದೆ. ಅದನ್ನು ಹೊಡೆದರೆ ಬಿಳಿ ಹೂವಿನ ಮೇಲೆ ಹಳದಿ ಪುಡಿ ಕೂರುತ್ತದೆ. ಚುಕ್ಕೆ ಹೋಗಿ ಅರಸಿನ ಬಂದ ಹಾಗೆ. ಅರ್ಧ ಗಂಟೆಯಲ್ಲಿ ಮಳೆ ಬಂದರೆ ಅದೂ ಇಲ್ಲ. ಅಲ್ಲದೆ ಕಾರ್ಬೆಂಡಜಿಮ್ ಒಂದನ್ನೇ ಪದೇ ಪದೇ ಹೊಡೆದರೆ ಬೊಟ್ರೈಟಿಸ್ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕಾರ್ಕಳದಲ್ಲಿ ಅಡಿಕೆ ತೋಟ ಇರುವ ಭಾವನ ಸಲಹೆ ನೀವೇ ಊಹಿಸಬಹುದು. "ಮೈಲುತುತ್ತು ಬಿಡಿ ಮಾರಾಯ್ರೆ. ಕೊಳೆರೋಗಕ್ಕೇ ಹೆದರದ ಬೋರ್ಡೋ ನಿಮ್ಮ ಗುಲಾಬಿಗೆ ಹೆದರ್ತದಾ?" ಮೈಲುತುತ್ತು, ಸುಣ್ಣ ಕಲಸಿದ ಶೇಕಡಾ 1ರ ಬೋರ್ಡೋ ಅಡಿಕೆ ಗೊನೆಗೆ ಸರಿ. ಬಿಸಿಲೇ ಕಾಣದೆ ಎಲೆ ಒದ್ದೆಯಾಗಿಯೇ ಇರುವ ದಿನಗಳಲ್ಲಿ ಮೈಲುತುತ್ತಿನ ತಾಮ್ರ ಗುಲಾಬಿಯ ಎಲೆಯನ್ನೇ ಸುಡುತ್ತದೆ. ಮೇಲಿಂದ ಹೂವೆಲ್ಲ ನೀಲಿ. ಭಾವನಿಗೆ ಥ್ಯಾಂಕ್ಸ್ ಹೇಳಿ ಮಾತು ಬದಲಿಸಿದೆ.

ಆದರೆ ಭಾವನ ಮನೆಯಿಂದ ಬೇರೊಂದು ಉಪಕಾರವಾಯಿತು. ಅಡಿಕೆ ಒಣಗಿಸಲು ಅವರು ಅಂಗಳದಲ್ಲಿ ಪೈಪ್ ನೆಟ್ಟು ಪಾರದರ್ಶಕ ಶೀಟ್ ಎಳೆದಿದ್ದಾರೆ. 200 ಮೈಕ್ರಾನ್‌ನ ಯುವಿ ಶೀಟ್. ಅದರಲ್ಲಿ ಮಿಕ್ಕ ತುಂಡು ಸಿಕ್ಕಿತು, ಸಾಲದ್ದಕ್ಕೆ ಪೇಟೆಯಲ್ಲಿ ಆರ್ಡರ್ ಕೊಟ್ಟೆ. ಬಂದದ್ದು ಹಸಿರು ಶೇಡ್ ನೆಟ್. ಫೋನ್ ಮಾಡಿದರೆ "ಎರಡೂ ಗಿಡಕ್ಕೇ ಹಾಕುವುದಲ್ವಾ" ಅಂದರು. ಶೀಟ್ ಬರುವಷ್ಟರಲ್ಲಿ ಮಳೆ ಅರ್ಧ ಮುಗಿಯುತ್ತಿತ್ತು, ಹಾಗಾಗಿ ನೆಟ್ಟನ್ನು ವಾಪಸ್ ಕೊಡದೆ ಇಟ್ಟುಕೊಂಡೆ, ಭಾವ ಕೊಟ್ಟ ತುಂಡಿನಲ್ಲೇ ಸುಧಾರಿಸಿದೆ. ಅದರ ಕಥೆ ಮುಂದೆ ಬರುತ್ತದೆ.

ಜಿಐ ಪೈಪಿನ ಚೌಕಟ್ಟು, ಮೇಲೆ ಶೀಟ್, ಮೂರು ಬದಿಗೂ ಶೀಟ್. ನಮ್ಮಲ್ಲಿ ಮಳೆ ನೇರ ಬೀಳುವುದಿಲ್ಲ, ಸಮುದ್ರದ ಕಡೆಯಿಂದ ಓರೆಯಾಗಿ ಬಡಿಯುತ್ತದೆ. ಹಾಗಾಗಿ ಬದಿ ಮುಚ್ಚಲೇಬೇಕು. ನೋಡಲು ಬಂದ ಭಾವ, "ಎಂತ, ಗುಲಾಬಿಗೆ ಹಟ್ಟಿ ಕಟ್ಟಿದ್ದೀರಾ?" ಅಂತ ನಕ್ಕರು. ನಗಲಿ. ಹೂವಿನ ಮೇಲೆ ಒಂದು ಹನಿ ಮಳೆ ಬೀಳಲಿಲ್ಲ.

ಚುಕ್ಕೆ ಮಾತ್ರ ಬಂದೇ ಬಂತು. ಮೊದಲಿಗಿಂತ ಜಾಸ್ತಿ!

ಆ ವಾರ ನನ್ನ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ. ಹಟ್ಟಿಯೊಳಗೆ ತೇವಾಂಶ ಅಳೆಯುವ ಅಗ್ಗದ ಮೀಟರ್ ಒಂದನ್ನು ತೂಗುಹಾಕಿದೆ. ಅದು ರಾತ್ರಿಯಿಡೀ 99 ತೋರಿಸಿತು. ಬಹುಶಃ ಅದಕ್ಕಿಂತ ಮೇಲೆ ತೋರಿಸಲು ಅದಕ್ಕೆ ಬರುವುದಿಲ್ಲ. ಮುಂಜಾನೆ ಕತ್ತಲಲ್ಲಿ ಟಾರ್ಚ್ ಹಿಡಿದು ಹೋದಾಗ ವಿಷಯ ಗೊತ್ತಾಯಿತು. ಶೀಟಿನ ಒಳಮೈಯಲ್ಲಿ ಹನಿಗಳ ಸಾಲು, ಕೆಳಗಿನ ಹೂಗಳ ಮೇಲೆ ತೊಟ್ ತೊಟ್ ಅಂತ ಬೀಳುತ್ತಿತ್ತು. ಹನಿ ಬೀಳದ ಹೂವಿನ ಮೇಲೂ ಮಂಜಿನಂಥ ಪಸೆ. ರಾತ್ರಿ ಕೊನೆಯಲ್ಲಿ ದಳ ಸುತ್ತಲಿನ ಗಾಳಿಗಿಂತ ಸ್ವಲ್ಪ ತಣ್ಣಗಾಗುತ್ತದೆ. ಗಾಳಿ ಮೊದಲೇ ನೀರು ಕುಡಿದು ತುಂಬಿರುವಾಗ ಅಷ್ಟೇ ಸಾಕು, ಪಸೆ ಕೂರುತ್ತದೆ. ಮಳೆ ತಡೆದು, ಒಳಗೆ ನಾನೇ ಒಂದು ಮೋಡ ಸಾಕಿದ ಹಾಗಾಗಿತ್ತು.

ಮೂರೂ ಬದಿಯ ಶೀಟ್ ತೆಗೆದೆ. ಮಾಡನ್ನು, ಅಂದರೆ ಮೇಲಿನ ಚಾವಣಿಯನ್ನು, ಪಡುವಣಕ್ಕೆ ಇಳಿಜಾರು ಮಾಡಿದೆ, ಒಳಗಿನ ಹನಿ ಹೂವಿನ ಮೇಲೆ ಬೀಳದೆ ಶೀಟಿನಲ್ಲೇ ಜಾರಿ ಅಂಚಿಗೆ ಹೋಗಲಿ ಅಂತ. ಎತ್ತರದ ಬದಿಯಲ್ಲಿ ಗಾಳಿ ಹೋಗಲು ಒಂದು ಗೇಣು ಸಂದು. ಪಡುವಣ ಬದಿಗೆ ಆ ಬೇಡದ ಹಸಿರು ನೆಟ್ಟನ್ನು ಎರಡು ಮಡಿಕೆ ಮಾಡಿ ಕಟ್ಟಿದೆ. ಓರೆ ಮಳೆಯ ಹೊಡೆತವನ್ನು ಅದು ಮುರಿಯುತ್ತದೆ, ಗಾಳಿಯನ್ನು ಬಿಡುತ್ತದೆ. ಚಟ್ಟಿಗಳನ್ನು ನೆಟ್ಟಿನಿಂದ ಮೂರು ಅಡಿ ಒಳಗೆ ಸರಿಸಿದೆ. ನೀರು ಬೆಳಿಗ್ಗೆ ಮಾತ್ರ. ಬಾಡಿದ ಹೂ, ಉದುರಿದ ದಳ ಸಂಜೆಯೊಳಗೆ ತೆಗೆಯುವುದು, ಯಾಕೆಂದರೆ ಬೂಷ್ಟಿನ ಕಾರ್ಖಾನೆ ಅಲ್ಲೇ. ಚುಕ್ಕೆ ಅರ್ಧಕ್ಕಿಳಿಯಿತು. ಅರ್ಧ ಚುಕ್ಕೆಯ ಹೂವನ್ನು ಯಾರಿಗೆ ತೋರಿಸುವುದು?

ಕೊನೆಯ ಅರ್ಧಕ್ಕೆ ಬಂದದ್ದು ಹಳೇ ಟೇಬಲ್ ಫ್ಯಾನ್. ಟೈಮರ್ ಹಾಕಿ, ನಡುರಾತ್ರಿ ಕಳೆದ ಮೇಲಿಂದ ಬೆಳಕು ಹರಿಯುವವರೆಗೆ ಕಡಿಮೆ ವೇಗದಲ್ಲಿ ಓಡಿಸಿದೆ. ಹೂವಿಗೆ ನೇರ ಅಲ್ಲ, ಗಿಡಗಳ ತಲೆಯ ಮೇಲಿಂದ ಹಾಯುವ ಹಾಗೆ. ಚಲಿಸುವ ಗಾಳಿಯಲ್ಲಿ ದಳ ತಣ್ಣಗಾಗಲು ಬಿಡುವಿಲ್ಲ, ಪಸೆ ಕೂರಲೂ ಬಿಡುವಿಲ್ಲ. ಸುಮ್ನೆ ನಂಬಬಾರದು ಅಂತ ಐಸ್‌ಬರ್ಗ್ ಗಿಡಗಳನ್ನು ಎರಡು ಪಾಲು ಮಾಡಿದೆ, ಒಂದು ಪಾಲಿಗೆ ಫ್ಯಾನ್, ಇನ್ನೊಂದನ್ನು ಅದೇ ಮಾಡಿನ ಆಚೆ ತುದಿಯಲ್ಲಿ ಫ್ಯಾನ್ ತಾಗದ ಹಾಗೆ. ಆಚೆ ಪಾಲಿನಲ್ಲಿ ಚುಕ್ಕೆ ಹಾಗೇ ಇದೆ. ಈಚೆ ಪಾಲಿನಲ್ಲಿ ಮೊದಲೇ ಹೇಳಿದ ಆ ಗೊಂಚಲು. ಕರೆಂಟ್ ಹೋದ ರಾತ್ರಿಗಳ ಮರುದಿನ ಈಚೆಯೂ ಒಂದೆರಡು ಚುಕ್ಕೆ ಬಂತು, ಅದರಿಂದ ನನ್ನ ಅನುಮಾನ ಪೂರ್ತಿ ಹೋಯಿತು. ಫ್ಯಾನ್ ಮಾಡಿಗೇ ಬಿಗಿದಿದೆ, ಪ್ಲಗ್ ಮನೆಯೊಳಗೆ, ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಆರ್‌ಸಿಸಿಬಿ ಸ್ವಿಚ್ ಇದೆ. ಒದ್ದೆ ತಾರಸಿಯಲ್ಲಿ ಇದನ್ನು ಮಾಡುವವರು ಈ ವಿಷಯದಲ್ಲಿ ಜಿಪುಣತನ ಮಾಡಬೇಡಿ.

ಟಿನೆಕೆಯದು ಬೇರೆಯೇ ರಗಳೆ. ಅದಕ್ಕೆ ಚುಕ್ಕೆ ನಿಂತರೂ ಮೊಗ್ಗು ಬಿಚ್ಚುವುದಿಲ್ಲ. ದಳಗಳು 50ರ ಹತ್ತಿರ, ಹೊರಗಿನವು ತೇವಕ್ಕೆ ಒಂದಕ್ಕೊಂದು ಅಂಟಿ ಕಾಗದದ ಚಿಪ್ಪಾಗುತ್ತವೆ. ಒಳಗೆ ಹೂವು ಉಸಿರುಗಟ್ಟಿ ಕೊಳೆಯುತ್ತದೆ. ಹೊರದಳ ಎರಡು ಮೂರನ್ನು ಕೈಯಿಂದ ಸುಲಿದರೆ ಕೆಲವು ಬಿಚ್ಚುತ್ತವೆ. ದಿನಾ ಬೆಳಿಗ್ಗೆ ಗುಲಾಬಿ ಸುಲಿಯಲು ನನಗೆ ಪುರುಸೊತ್ತಿಲ್ಲ. ಐಸ್‌ಬರ್ಗ್‌ನ ದಳ ಅದರ ಅರ್ಧದ ಆಸುಪಾಸು, ಸಡಿಲ ಹೂವು, ಬೇಗ ಅರಳಿ ಬೇಗ ಒಣಗುತ್ತದೆ. ಕರಾವಳಿಗೆ ಬಿಳಿ ಆರಿಸುವವರು ಹೂವಿನ ಗಾತ್ರ ನೋಡದೆ ದಳ ಎಣಿಸಿ. 2006ರ ಪೋಪ್ ಜಾನ್ ಪಾಲ್ II ಅನ್ನುವ ಬಿಳಿ ಗುಲಾಬಿಯ ಚಿತ್ರ ನೋಡಿ ನನಗೂ ಆಸೆಯಾಗಿತ್ತು. ಅದರದ್ದೂ 50ರ ಲೆಕ್ಕವೇ ಅಂತ ಗೊತ್ತಾಗಿ ಆಸೆ ಬಿಟ್ಟೆ. ಜನವರಿಯಲ್ಲಿ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರೆಲ್ಲ ಒಂದು ಗುಲಾಬಿ ಹಿಡಿದುಕೊಂಡೇ ಬರುತ್ತಾರೆ. ಜನವರಿಯಲ್ಲಿ ಎಲ್ಲ ಗುಲಾಬಿಯೂ ಚಂದವೇ. ಜಾತಿ ಆರಿಸಬೇಕಾದದ್ದು ಜುಲೈಯನ್ನು ನೆನೆಸಿಕೊಂಡು. ಟಿನೆಕೆ ಇನ್ನು ಮೇಲೆ ನವೆಂಬರ್‌ನಿಂದ ಫೆಬ್ರವರಿಯ ಹೂವು. ಮಳೆಗಾಲದಲ್ಲಿ ಅದರ ಮೊಗ್ಗು ಚಿವುಟಿ ಬಿಡುತ್ತೇನೆ.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿದೆ. ಹಟ್ಟಿಯ ಮೂಡಣ ಬದಿಯಲ್ಲಿ ಜಾಗ ಮಿಕ್ಕಿದೆ. ಶಂಕರಪುರ ಇಲ್ಲೇ ಪಕ್ಕದಲ್ಲಿ, ಅಲ್ಲಿನ ಮಲ್ಲಿಗೆಯನ್ನು ಗ್ರೋ ಬ್ಯಾಗ್‌ನಲ್ಲಿ ತಾರಸಿ ಮೇಲೆ ಬೆಳೆದು ಮಾರುವವರು ಈಗ ಬೇಕಾದಷ್ಟು ಇದ್ದಾರೆ. ಅಮ್ಮ ಆಗಲೇ ಲೆಕ್ಕ ಶುರು ಮಾಡಿದ್ದಾರೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಆರು ಗಿಡದಲ್ಲಿ ಅಟ್ಟೆ ಆಗುವಾಗ ಯಾವ ಶತಮಾನವೋ. ನನಗೆ ಬೇಕಾದದ್ದು ಮಲ್ಲಿಗೆಯವರು ಸುಡುಮಣ್ಣನ್ನು ಚೀಲದಲ್ಲಿ ಹೇಗೆ ಬಳಸುತ್ತಾರೆ ಅನ್ನುವ ವಿದ್ಯೆ. ಅದನ್ನು ಕಲಿತು ಗುಲಾಬಿಗೆ ಹಾಕುವ ಯೋಚನೆ. ಅಮ್ಮನಿಗೆ ಇದನ್ನು ಹೇಳಿಲ್ಲ.

ಅದಕ್ಕೂ ಮೊದಲು, ಚೌತಿ ಕಳೆದು ಮಳೆ ಸಡಿಲವಾದ ಮೇಲೆ, ಐಸ್‌ಬರ್ಗ್ ಕಡ್ಡಿ ಊರುವ ಕೆಲಸ ಇದೆ. ಅದು ಸ್ವಂತ ಬೇರಿನಲ್ಲೇ ಚೆನ್ನಾಗಿ ಬರುತ್ತದೆ, ಕಸಿಯ ರಗಳೆ ಬೇಡ. ಆಗ ಕೆಳಗಿನಿಂದ ಕಾಡು ಚಿಗುರು ಬರುವ ಭಯವೂ ಇಲ್ಲ. ಪಾಸ್ಕಲಿಗೆ ಮಾತ್ರ ಕಣ್ಣು ಕಸಿ ಮಾಡಿ ನೋಡಬೇಕು. ಅಂಗಳದ ಊರ ಗುಲಾಬಿಯ ಬೇರಿನ ಮೇಲೆ. ಆ ಊರ ಗುಲಾಬಿ ನಮ್ಮ ಮಳೆಯಲ್ಲಿ ಯಾರ ಆರೈಕೆಯೂ ಇಲ್ಲದೆ ಬದುಕಿದೆ. ಪಾಸ್ಕಲಿಯ ದಳ 30ರ ಸುತ್ತಮುತ್ತ, ಮಳೆ ತಡೆಯುವ ಬಿಳಿ ಅಂತ ಹೆಸರೂ ಇದೆ. ನನ್ನ ಲೆಕ್ಕ ಸರಿಯಾದರೆ ಒಂಟಿ ಹೂವಿನ ಬಿಳಿಗಳಲ್ಲಿ ಇಲ್ಲಿಗೆ ಸರಿಹೊಂದುವುದು ಅದೇ. ತೊಂದರೆ ಏನೆಂದರೆ ನನ್ನ ಹತ್ತಿರ ಇರುವ "ಪಾಸ್ಕಲಿ" ಮೊನ್ನೆ ತಿಳಿ ಹಳದಿ ಹೂ ಬಿಟ್ಟಿದೆ.

ಅಸಲಿ ಪಾಸ್ಕಲಿ ಇರುವವರು ಉಡುಪಿ, ಮಂಗಳೂರು ಕಡೆ ಯಾರಾದರೂ ಇದ್ದರೆ ತಿಳಿಸಿ. ಹೂ ಬಿಟ್ಟು ಮುಗಿದ ಕಡ್ಡಿ, ಪೆನ್ಸಿಲ್ ದಪ್ಪ, ಎರಡು ಸಾಕು. ಬದಲಿಗೆ ಐಸ್‌ಬರ್ಗ್ ಕಡ್ಡಿ ಎಷ್ಟು ಬೇಕಾದರೂ ಕೊಡುತ್ತೇನೆ, ಜೊತೆಗೆ ಒಂದು ಚೀಲ ಸುಡುಮಣ್ಣು. ಟಿನೆಕೆ ಬೇಕಾದವರು ಗಿಡವನ್ನೇ ತೆಗೆದುಕೊಂಡು ಹೋಗಬಹುದು, ಸುಲಿಯುವ ಪುರುಸೊತ್ತು ಇದ್ದರೆ.