ಗಾಳಿ ಮರಗಳ ನಡುವೆ ಅಜ್ಜಿಯ ಕೊಡ

ನಿನ್ನೆ ಸಂಜೆ ಕಾರವಾರದ ಕಡಲತೀರದಲ್ಲಿ ಸುಮ್ನೆ ಕೂತಿದ್ದೆ. ಸೂರ್ಯ ಮುಳುಗಿ, ಎದುರಿನ ಎರಡು ಗಾಳಿ ಮರಗಳು ಪೂರ್ತಿ ಕಪ್ಪಾಗಿದ್ದವು. ಒಮ್ಮೆಲೇ ಅವುಗಳ ನಡುವಿನ ಆಕಾಶ ಕೊಡವಾಗಿ ಕಂಡಿತು! ಕಿರಿದಾದ ಕಂಠ, ಉಬ್ಬಿದ ಹೊಟ್ಟೆ, ಬಣ್ಣವೂ ತಾಮ್ರದ್ದೇ. ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ ಕೊಡ. ಮರಗಳು ಹಿಂದೆ ಸರಿದು ಬರೀ ಹಿನ್ನೆಲೆಯಾದವು.

ಒಮ್ಮೆ ಹೂದಾನಿ, ಒಮ್ಮೆ ಎರಡು ಮುಖ ಕಾಣುವ ಚಿತ್ರ ನೋಡಿದ್ದೀರಿ ಅಲ್ವಾ? ಡೆನ್ಮಾರ್ಕಿನ ಮನೋವಿಜ್ಞಾನಿ ಎಡ್ಗರ್ ರೂಬಿನ್ 1915ರಲ್ಲೇ ಅದರ ಬಗ್ಗೆ ಬರೆದಿದ್ದರು. ಕಣ್ಣು ಮೊದಲು ಆಕೃತಿ, ಹಿನ್ನೆಲೆ ಬೇರೆ ಮಾಡುತ್ತದೆ, ನೆನಪು ಬರುವುದು ಆಮೇಲೆ ಅಂತ ವಿಜ್ಞಾನಿಗಳು ಬಹಳ ಕಾಲ ನಂಬಿದ್ದರು. ಅಮೆರಿಕದ ಮನೋವಿಜ್ಞಾನಿ ಮೇರಿ ಪೀಟರ್ಸನ್ ಅವರ ಪ್ರಯೋಗಗಳು ಬೇರೆಯೇ ಹೇಳಿದವು: ಯಾವುದು ಮುಂದೆ ಬರಬೇಕು ಅನ್ನುವುದರಲ್ಲೇ ನೆನಪಿನ ಕೈಯಿದೆ. ಪರಿಚಯದ ಆಕಾರವನ್ನು ತಲೆಕೆಳಗು ಮಾಡಿದರೆ ಆ ಹಿಡಿತ ಸಡಿಲವಾಗುತ್ತದೆ.

ಫೋಟೋ ತೆಗೆದು ತಲೆಕೆಳಗು ಮಾಡಿ ನೋಡಿದೆ. ನಿಜ, ಕೊಡ ಹೋಯಿತು, ಎರಡು ಮರ ಉಳಿದವು. ಪಕ್ಕದಲ್ಲಿದ್ದ ಮಗಳಿಗೆ ನೆಟ್ಟಗೆ ಹಿಡಿದು ತೋರಿಸಿದರೂ ಮರಗಳೇ ಕಂಡವು. ಬಾವಿಕಟ್ಟೆ ಮೇಲೆ ತುಂಬಿದ ಕೊಡ ಅವಳು ನೋಡಿಯೇ ಇಲ್ಲ. ಊರಿಗೆ ಹೋದಾಗ ಅಟ್ಟದಿಂದ ಅದನ್ನು ಇಳಿಸಬೇಕು.