ನೆಟ್ ಇಲ್ಲದ ಮಳೆಗಾಲದಲ್ಲಿ ಗಿಟ್

ಸಿರ್ಸಿ ಕಡೆಯ ಹಳ್ಳಿಗಳಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಜುಲೈ ತಿಂಗಳು ಹೇಗಿರುತ್ತದೆ ಅಂತ ಗೊತ್ತು. ಕರೆಂಟ್ ಹೋದರೆ ಇನ್ವರ್ಟರ್ ಇದೆ, ಅದು ಮುಗಿದರೆ ಲ್ಯಾಪ್‌ಟಾಪಿನ ಬ್ಯಾಟರಿ ಇದೆ. ಗಾಳಿಗೆ ಮರ ಬಿದ್ದು ಫೈಬರ್ ಲೈನ್ ಹರಿದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಮಳೆ ಹೊಳವಾಗಬೇಕು, ಲೈನ್ ನೋಡುವವರು ಬರಬೇಕು, ಅಲ್ಲಿಯವರೆಗೆ ಕಾಯಬೇಕು. ಹೋದ ವರ್ಷ ಅಂಥದ್ದೇ ಒಂದು ಹೊತ್ತಿನಲ್ಲಿ ಸಿದ್ದಾಪುರದ ಕಡೆಯ ಒಂದು ಸಹಕಾರಿ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. ನಮ್ಮ ಅಂಗಳದ ಮೂಲೆಯಲ್ಲಿ ನಿಂತರೆ ಮಾತಾಡುವಷ್ಟು ಸಿಗ್ನಲ್ ಸಿಗುತ್ತದೆ, ಡೇಟಾ ಬರುವುದಿಲ್ಲ.

"ನಿಮ್ಮ ಪ್ರೋಗ್ರಾಂ ಹೆಸರಿನ ಕೊನೆ ಅಕ್ಷರ ತಿಂತಾ ಇದೆ ನೋಡಿ. ರಶೀದಿಯಲ್ಲಿ ಹೆಗಡೆಯವರೆಲ್ಲ 'ಹೆಗಡ' ಆಗಿದ್ದಾರೆ. ಪಾಸ್‌ಬುಕ್ಕಿನಲ್ಲಿ ಇರೋದೇ ಬೇರೆ, ರಶೀದಿಯಲ್ಲಿ ಬರೋದೇ ಬೇರೆ ಅಂದ್ರೆ ಸದಸ್ಯರು ಸುಮ್ನಿರ್ತಾರಾ?" ಅಂದರು.

ಅವರ ಸಿಟ್ಟು ಸರಿಯಾಗೇ ಇತ್ತು. ರಶೀದಿಯಲ್ಲಿ ಹೆಸರು ತಪ್ಪಾದರೆ ಅದು ಸಣ್ಣ ವಿಷಯ ಅಲ್ಲ. ನಾಳೆ ಸಂಜೆಯೊಳಗೆ ಸರಿ ಮಾಡಿಕೊಡುತ್ತೇವೆ ಅಂತ ಹೇಳಿ ಒಳಗೆ ಬಂದೆ.

ನೆಟ್ ಇಲ್ಲದೆ ಹೀಗೆ ಧೈರ್ಯವಾಗಿ ಮಾತು ಕೊಟ್ಟದ್ದು ಗಿಟ್ ನಂಬಿಕೊಂಡು. ಕೋಡಿನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಅನ್ನುವ ಇತಿಹಾಸ ಇಟ್ಟುಕೊಳ್ಳುವ ಸಾಧನ ಅದು. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ನಾವು ಅದೇ ಕೆಲಸಕ್ಕೆ ಸಬ್‌ವರ್ಷನ್ ಬಳಸುತ್ತಿದ್ದೆವು. ಅದರಲ್ಲಿ ಇತಿಹಾಸ ಇರುವುದು ಸರ್ವರಿನಲ್ಲಿ. ಕಮಿಟ್ ಮಾಡಬೇಕಾದರೆ, ಅಂದರೆ ಒಂದು ಬದಲಾವಣೆಯನ್ನು ದಾಖಲಿಸಬೇಕಾದರೆ, ಸರ್ವರ್ ಬೇಕು, ಹಳೆಯ ಲಾಗ್ ನೋಡಬೇಕಾದರೂ ಸರ್ವರ್ ಬೇಕು. ಲೈನ್ ಹೋದರೆ ನಮ್ಮ ಮಷೀನಿನಲ್ಲಿ ಉಳಿಯುವುದು ಇವತ್ತಿನ ಫೈಲುಗಳು ಮಾತ್ರ. ಗಿಟ್‌ನಲ್ಲಿ ಹಾಗಲ್ಲ. ಒಮ್ಮೆ ಕ್ಲೋನ್ ಮಾಡಿದರೆ, ಅಂದರೆ ಪ್ರತಿ ತೆಗೆದುಕೊಂಡರೆ, ಮೊದಲ ಕಮಿಟ್‌ನಿಂದ ಹಿಡಿದು ಎಲ್ಲವೂ ನಮ್ಮ ಡಿಸ್ಕಿಗೆ ಬರುತ್ತದೆ. ಸರ್ವರಿನಲ್ಲಿರುವುದೂ ಇಂಥದ್ದೇ ಇನ್ನೊಂದು ಪ್ರತಿ, ಎಲ್ಲರೂ ಅಲ್ಲಿಗೆ ತಂದು ಸೇರಿಸೋಣ ಅಂತ ಒಪ್ಪಿಕೊಂಡಿದ್ದೇವೆ ಅಷ್ಟೇ. ನಮ್ಮ ಪ್ರೋಗ್ರಾಮಿನ ವರ್ಷಗಟ್ಟಲೆಯ ಇತಿಹಾಸ ನನ್ನ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ ಪೂರ್ತಿ ಇತ್ತು.

ಮೊದಲು ಪರೀಕ್ಷೆಗೆಂದು ಇಟ್ಟುಕೊಂಡ ಹೆಸರುಗಳನ್ನು ಹಾಕಿ ನೋಡಿದೆ. 'ಸುಬ್ರಾಯ ಹೆಗಡೆ' ಕೊಟ್ಟರೆ 'ಸುಬ್ರಾಯ ಹೆಗಡ' ಅಂತ ಬಂತು. 'ವಿಶ್ವನಾಥ ಭಟ್ಟ' ಕೊಟ್ಟರೆ 'ವಿಶ್ವನಾಥ ಭಟ್' ಅಂತ ಬಂತು. ಎರಡನೆಯದನ್ನು ನೋಡಿದಾಗ ಇಷ್ಟು ದಿನ ಇದು ಯಾರ ಕಣ್ಣಿಗೂ ಏಕೆ ಬೀಳಲಿಲ್ಲ ಅಂತ ಅರ್ಥವಾಯಿತು. ಭಟ್ ಅಂತ ಬರೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ, ನೋಡಿದವರಿಗೆ ಅದು ಸರಿಯಾದ ಹೆಸರೇ ಅನ್ನಿಸುತ್ತದೆ.

ಕಂಪ್ಯೂಟರಿನ ಲೆಕ್ಕದಲ್ಲಿ 'ಹೆಗಡೆ' ಮೂರು ಅಕ್ಷರ ಅಲ್ಲ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹ ಒಂದು, ಅದರ ಎತ್ವ ಒಂದು, ಗ ಒಂದು, ಡ ಒಂದು, ಮತ್ತೆ ಎತ್ವ ಒಂದು. ಒಟ್ಟು 5. 'ಭಟ್ಟ' ಅಂದರೆ ಭ, ಟ, ಹಲಂತದ ಗುರುತು, ಮತ್ತೊಂದು ಟ. ಒಟ್ಟು 4. ಎರಡು ಹೆಸರನ್ನೂ ಪೂರ್ತಿ ಎಣಿಸಿದರೆ, ನಡುವಿನ ಜಾಗವನ್ನೂ ಸೇರಿಸಿ, 13 ಆಗುತ್ತದೆ. ಎರಡರಲ್ಲೂ 13ನೆಯದು ಮಾತ್ರ ಹಾರಿಹೋಗಿತ್ತು. ಅಂದರೆ ಎಲ್ಲೋ ಯಾರೋ 12ಕ್ಕೆ ಕತ್ತರಿಸುತ್ತಿದ್ದಾರೆ. ಎಲ್ಲಿ, ಯಾವಾಗಿನಿಂದ?

ಮೇ ತಿಂಗಳಲ್ಲಿ ಕೊಟ್ಟ ಆವೃತ್ತಿಯಲ್ಲಿ ಹೆಸರುಗಳು ಸರಿಯಾಗಿದ್ದವು. ಆಮೇಲೆ ಮಳೆಗಾಲದ ಸಾಲ, ಗೊಬ್ಬರ ಅಂತ ಹೊಸ ಭಾಗಗಳು ಸೇರಿ ಇನ್ನೂರಕ್ಕೂ ಜಾಸ್ತಿ ಕಮಿಟ್ ಆಗಿದ್ದವು. ಒಂದೊಂದಾಗಿ ಓದುತ್ತಾ ಕೂತರೆ ಬ್ಯಾಟರಿ ಮುಗಿಯುತ್ತದೆ. ತಪ್ಪು ಯಾವ ಕಮಿಟ್‌ನಲ್ಲಿ ಶುರುವಾಯಿತು ಅಂತ ಹುಡುಕಿಕೊಡುವ 'ಗಿಟ್ ಬೈಸೆಕ್ಟ್ ಸ್ಟಾರ್ಟ್' ಹೊಡೆದೆ. ಈಗಿನದು 'ಬ್ಯಾಡ್' ಅಂದೆ, ಮೇ ತಿಂಗಳ ಆವೃತ್ತಿಗೆ ಗುರುತಾಗಿ ಹಾಕಿದ್ದ ಟ್ಯಾಗ್ 'ಗುಡ್' ಅಂದೆ. ಅದು ಕೂಡಲೇ ನಟ್ಟನಡುವಿನ ಕಮಿಟ್ ತೆರೆದು ಕೊಟ್ಟು, ಇನ್ನು 113 ಬಾಕಿ ಇವೆ, ಸುಮಾರು 7 ಹೆಜ್ಜೆ ಸಾಕು ಅಂದಿತು. ನಿಘಂಟಿನಲ್ಲಿ ಪದ ಹುಡುಕುವಾಗ ಮಧ್ಯಕ್ಕೆ ತೆರೆದು ಹಿಂದೆಯೋ ಮುಂದೆಯೋ ಅಂತ ನೋಡುತ್ತೇವಲ್ಲ, ಅದೇ ಕ್ರಮ. ಪ್ರತಿ ಸಲವೂ ಅರ್ಧ ಭಾಗ ಬಿಟ್ಟುಹೋಗುತ್ತದೆ.

ಕೈಯಿಂದಲೇ ಪ್ರತಿ ಸಲ ಬಿಲ್ಡ್ ಮಾಡಿ, ಅಂದರೆ ಕೋಡಿನಿಂದ ಪ್ರೋಗ್ರಾಂ ಕಟ್ಟಿ, ನೋಡಬಹುದಿತ್ತು. ಆದರೆ ಬೈಸೆಕ್ಟ್‌ಗೆ 'ರನ್' ಅಂತ ಒಂದಿದೆ. ನಾವು ಒಂದು ಸ್ಕ್ರಿಪ್ಟ್ ಕೊಟ್ಟರೆ ತಾನೇ ಓಡಿಸಿಕೊಂಡು ಹೋಗುತ್ತದೆ. ಸ್ಕ್ರಿಪ್ಟ್ 0 ಕೊಟ್ಟು ಮುಗಿದರೆ ಆ ಕಮಿಟ್ ಸರಿ, 1 ಕೊಟ್ಟರೆ ಕೆಟ್ಟದ್ದು, 125 ಕೊಟ್ಟರೆ ಇದನ್ನು ಪರೀಕ್ಷೆ ಮಾಡಲಾಗಲಿಲ್ಲ, ಬಿಟ್ಟು ಮುಂದೆ ಹೋಗು ಅಂತ. ಈ 125 ನನಗೆ ನೆನಪಿರಲಿಲ್ಲ. 'ಗಿಟ್ ಹೆಲ್ಪ್ ಬೈಸೆಕ್ಟ್' ಅಂತ ಹೊಡೆದೆ, ಪೂರ್ತಿ ಕೈಪಿಡಿ ತೆರೆದುಕೊಂಡಿತು. ಅದಕ್ಕೂ ನೆಟ್ ಬೇಡ. ಗಿಟ್ ಜೊತೆಗೆ ಬರುವ ಈ ಕೈಪಿಡಿಯನ್ನು ಓದುವವರು ಕಡಿಮೆ. ಒಣ ಬರವಣಿಗೆ ಹೌದು, ಆದರೆ ಬೇಕಾದದ್ದೆಲ್ಲ ಅಲ್ಲಿದೆ.

ನನ್ನ ಸ್ಕ್ರಿಪ್ಟ್ ನಾಲ್ಕು ಸಾಲಿನದ್ದು. ಬಿಲ್ಡ್ ಆಗದಿದ್ದರೆ 125 ಕೊಟ್ಟು ಹೊರಗೆ. ಬಿಲ್ಡ್ ಆದರೆ, ಒಂದು ರಶೀದಿ ತೆಗೆದು ಅದರಲ್ಲಿ 'ಸುಬ್ರಾಯ ಹೆಗಡೆ' ಪೂರ್ತಿ ಇದೆಯೇ ಅಂತ 'ಗ್ರೆಪ್' ಮಾಡಿ ಹುಡುಕುವುದು. ಗ್ರೆಪ್‌ಗೆ ಸಿಕ್ಕಿದರೆ 0, ಸಿಗದಿದ್ದರೆ 1. ಬೈಸೆಕ್ಟ್‌ಗೆ ಬೇಕಾದದ್ದೂ ಅದೇ. ಇದನ್ನು ರೆಪೊದ (ಗಿಟ್ ನೋಡಿಕೊಳ್ಳುವ ಫೋಲ್ಡರಿನ) ಹೊರಗೆ ಬೇರೆ ಫೋಲ್ಡರಿನಲ್ಲಿ ಇಟ್ಟೆ. ಒಳಗಿಟ್ಟು ಕಮಿಟ್ ಮಾಡಿದರೆ, ಹಳೆಯ ಕಮಿಟ್‌ಗೆ ಹೋದಾಗ ಸ್ಕ್ರಿಪ್ಟೇ ಮಾಯವಾಗುತ್ತದೆ. ಬೇಕಾದ ಲೈಬ್ರರಿಗಳು ಹಿಂದಿನ ಬಿಲ್ಡ್‌ಗಳಿಂದ ಮಷೀನಿನಲ್ಲೇ ಉಳಿದಿದ್ದವು. ಅವು ಇಲ್ಲದಿದ್ದರೆ ಗಿಟ್ ಒಂದರಿಂದ ಏನೂ ಆಗುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಓಡಲು ಬಿಟ್ಟು ಚಾ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ಜೂನ್ ತಿಂಗಳ ಒಂದು ಕಮಿಟ್. 'ಗಿಟ್ ಶೋ' ಮಾಡಿ ಓದಿದೆ. ಬರೆದವನು ಬೆಂಗಳೂರಿನಲ್ಲಿರುವ ನಮ್ಮ ಗೆಳೆಯ. ಕಾರಣವನ್ನೂ ಬರೆದಿದ್ದ: ಉದ್ದ ಹೆಸರುಗಳು ಪಕ್ಕದ ಮೊತ್ತದ ಮೇಲೆ ಹತ್ತಿಕೊಂಡು ಅಚ್ಚಾಗುತ್ತಿವೆ, ಅದಕ್ಕೆ 12ಕ್ಕೆ ನಿಲ್ಲಿಸುತ್ತಿದ್ದೇನೆ ಅಂತ. ಅವನು ಹೇಳಿದ ತೊಂದರೆ ನಿಜವಾದದ್ದೇ. ಆ ಕಮಿಟ್ ಅನ್ನು 'ರಿವರ್ಟ್' ಮಾಡಿದರೆ, ಅಂದರೆ ಹಿಂತೆಗೆದರೆ, ಹೆಗಡೆಯವರ ಹೆಸರು ವಾಪಸ್ ಬರುತ್ತದೆ, ಜೊತೆಗೆ ಮೊತ್ತದ ಮೇಲೆ ಹತ್ತುವ ಹೆಸರುಗಳೂ ಬರುತ್ತವೆ. ಕಾರಣವನ್ನು ಸರಿಯಾಗಿ ಬರೆದ ಒಂದು ಕಮಿಟ್ ಎಷ್ಟು ಕೆಲಸ ಉಳಿಸುತ್ತದೆ ನೋಡಿ. 'ಸಣ್ಣ ಬದಲಾವಣೆ' ಅಂತ ಬರೆದು ಬಿಟ್ಟಿದ್ದರೆ ನಾನು ಕಣ್ಣುಮುಚ್ಚಿ ರಿವರ್ಟ್ ಮಾಡುತ್ತಿದ್ದೆ.

ಮೊದಲು ಅಲ್ಲಿ ಏನಿತ್ತು ಅಂತ ನೋಡಬೇಕಿತ್ತು. ಅವನು ತೆಗೆದುಹಾಕಿದ ಫಂಕ್ಷನ್ ಹೆಸರು ಕೊಟ್ಟು 'ಗಿಟ್ ಲಾಗ್ -ಎಸ್' ಮಾಡಿದೆ. ಆ ಹೆಸರು ಯಾವ ಕಮಿಟ್‌ನಲ್ಲಿ ಬಂತು, ಯಾವುದರಲ್ಲಿ ಹೋಯಿತು ಅಂತ ಅದು ತೋರಿಸುತ್ತದೆ. ವರ್ಷಗಳ ಹಿಂದೆ ನಮ್ಮಲ್ಲಿದ್ದು ಈಗ ಬೇರೆ ಕಡೆ ಹೋಗಿರುವ ಒಬ್ಬರು ಬರೆದ ಕೋಡ್ ಅದು. ಕಮಿಟ್‌ನ ಮಾತು ಕನ್ನಡದಲ್ಲೇ ಇತ್ತು: 'ಒತ್ತಕ್ಷರದ ನಡುವೆ ಕತ್ತರಿಸಬಾರದು'. ಅವರು ಅಕ್ಷರವನ್ನು ನಾವು ಓದುವ ಹಾಗೆ ಎಣಿಸಿದ್ದರು. ಕಾಗುಣಿತ, ಒತ್ತು ಎಲ್ಲ ಸೇರಿ ಒಂದು. ಆದರೆ ಅಗಲ ನೋಡಿರಲಿಲ್ಲ. 'ಮಾ' ಹಿಡಿಯುವ ಜಾಗ ಬೇರೆ, 'ರ' ಹಿಡಿಯುವ ಜಾಗ ಬೇರೆ ಅಲ್ವಾ?

ಹಾಗಾಗಿ ಎರಡನ್ನೂ ಸೇರಿಸುವುದೇ ಸರಿ ಅನ್ನಿಸಿತು. ನಮ್ಮ ರಶೀದಿ ಪ್ರಿಂಟರಿನಲ್ಲಿ ಒಂದು ಸಾಲಿಗೆ 576 ಚುಕ್ಕೆ. ಕನ್ನಡವನ್ನು ಚಿತ್ರದ ಹಾಗೆ ಮಾಡಿ ಅದಕ್ಕೆ ಕಳಿಸುತ್ತೇವೆ. ಹೆಸರಿನ ಕಾಲಮ್ಮಿಗೆ ಎಷ್ಟು ಚುಕ್ಕೆ ಅಂತ ಗೊತ್ತಿರುತ್ತದೆ. ಹಳೆಯ ಫಂಕ್ಷನ್ ವಾಪಸ್ ತಂದು, ಒಂದೊಂದೇ ಪೂರ್ತಿ ಅಕ್ಷರ ಸೇರಿಸುತ್ತಾ ಅಗಲ ಅಳೆದು, ಜಾಗ ಮುಗಿದರೆ ಉಳಿದದ್ದನ್ನು ಮುಂದಿನ ಸಾಲಿಗೆ ಇಳಿಸುವ ಹಾಗೆ ಬರೆದೆ. ಹೆಸರನ್ನು ಕತ್ತರಿಸುವುದೇ ಬೇಡ.

'ಗಿಟ್ ಸ್ಟೇಟಸ್' ನೋಡಿದರೆ ಪರೀಕ್ಷೆಯ ಫೈಲಿನ ಹೆಸರು 340, 262, 225 ಅಂತ ಅಂಕಿಗಳ ಸಾಲಾಗಿ ಕಾಣಿಸಿತು. ಕನ್ನಡದಲ್ಲಿ ಫೈಲಿಗೆ ಹೆಸರಿಟ್ಟರೆ ಗಿಟ್ ಹೀಗೇ ಮಾಡುತ್ತದೆ. ಲ್ಯಾಪ್‌ಟಾಪ್ ಹೊಸದಾದ್ದರಿಂದ ಅದರಲ್ಲಿ ಇನ್ನೂ ಹೇಳಿಕೊಟ್ಟಿರಲಿಲ್ಲ. 'ಕೋರ್.ಕೋಟ್‌ಪಾತ್' ಅನ್ನುವ ಸೆಟ್ಟಿಂಗ್ ಅನ್ನು 'ಫಾಲ್ಸ್' ಮಾಡಿದರೆ ಕನ್ನಡ ಕನ್ನಡವಾಗೇ ಕಾಣುತ್ತದೆ. ಕನ್ನಡದ ಕೆಲಸ ಮಾಡುವವರೆಲ್ಲ ಇದನ್ನು ಮೊದಲ ದಿನವೇ ಮಾಡಿಕೊಳ್ಳಿ.

ಕಮಿಟ್ ಆಯಿತು. ಆದರೆ ಸಂಘಕ್ಕೆ ಕೊಡುವ ಇನ್‌ಸ್ಟಾಲರ್ ಕಟ್ಟುವ ಮಷೀನ್ ಇರುವುದು ಸಿದ್ದಾಪುರದಲ್ಲಿ, ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಹತ್ತಿರ. ಅಲ್ಲೂ ನೆಟ್ ಇಲ್ಲ. ಚಿಕ್ಕಪ್ಪನ ಮಗ ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತು ತರಲು ಬೆಳಿಗ್ಗೆ ಸಿದ್ದಾಪುರಕ್ಕೆ ಹೊರಟವನಿದ್ದ. ಅವನ ಕೈಯಲ್ಲಿ ಪೆನ್‌ಡ್ರೈವ್ ಕೊಡುವುದು ಅಂತ ಆಯಿತು.

ಪೆನ್‌ಡ್ರೈವಿಗೆ ಫೈಲುಗಳನ್ನೇ ಕಾಪಿ ಮಾಡಿ ಕೊಡಬಹುದು. ಆದರೆ ಆಮೇಲೆ ಯಾವುದು ಹೊಸದು, ಯಾವುದು ಹಳೆಯದು ಅಂತ ಗೊಂದಲ ಶುರುವಾಗುತ್ತದೆ. 'ಗಿಟ್ ಬಂಡಲ್ ಕ್ರಿಯೇಟ್' ಇರುವುದೇ ಇಂಥ ಹೊತ್ತಿಗೆ. ಕಮಿಟ್‌ಗಳನ್ನು, ಅವುಗಳ ಇತಿಹಾಸದ ಸಮೇತ, ಒಂದೇ ಫೈಲಿಗೆ ಕಟ್ಟಿ ಕೊಡುತ್ತದೆ. ಆ ಕಡೆಯವರು ಸರ್ವರಿನಿಂದ ತಂದ ಹಾಗೇ ಅದರಿಂದ 'ಫೆಚ್' ಮಾಡಬಹುದು. ಎಲ್ಲಿಂದ ಎಲ್ಲಿಗೆ ಕಟ್ಟಬೇಕು ಅಂತ ನಾವು ಹೇಳಬೇಕು. ನಾನು ಸರ್ವರಿನಿಂದ ಕೊನೆಗೆ ತಂದ ಕಮಿಟ್‌ನಿಂದ ಈಚೆಗಿನದನ್ನು ಮಾತ್ರ ಕಟ್ಟಿದ್ದರೆ ಫೈಲ್ ಇನ್ನೂ ಚಿಕ್ಕದಾಗುತ್ತಿತ್ತು. ಆದರೆ ಆ ಕಮಿಟ್ ಅವಳ ಹತ್ತಿರ ಬಂದಿದೆಯೋ ಇಲ್ಲವೋ? ನಡುವಿನದು ಇಲ್ಲದಿದ್ದರೆ ಬಂಡಲ್ ಬಿಚ್ಚಲು ಬರುವುದಿಲ್ಲ. ಅದಕ್ಕೆ ಇಬ್ಬರ ಹತ್ತಿರವೂ ಖಂಡಿತ ಇರುವ ಮೇ ತಿಂಗಳ ಟ್ಯಾಗ್‌ನಿಂದಲೇ ಕಟ್ಟಿದೆ. ಇರುವುದು ಇನ್ನೊಮ್ಮೆ ಹೋದರೆ ಗಿಟ್‌ಗೆ ತೊಂದರೆ ಇಲ್ಲ.

ಇಂಥ ಸಾಧನ ಹುಟ್ಟಿದ್ದೇ ದೂರ ದೂರ ಕೂತು ಕೆಲಸ ಮಾಡುವವರಿಗಾಗಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಬರೆಯುವವರು ಬಿಟ್‌ಕೀಪರ್ ಅನ್ನುವ ಇಂಥದ್ದೇ ಸಾಧನವನ್ನು ಉಚಿತವಾಗಿ ಬಳಸುತ್ತಿದ್ದರು. 2005ರಲ್ಲಿ ಆ ಅವಕಾಶ ನಿಂತಿತು. ಆ ಏಪ್ರಿಲ್‌ನಲ್ಲೇ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಶುರುಮಾಡಿದರು. ಅದೇ ತಿಂಗಳು ಮ್ಯಾಟ್ ಮ್ಯಾಕಲ್ ಅನ್ನುವವರು ಮರ್ಕ್ಯುರಿಯಲ್ ಅನ್ನುವ ಇಂಥದ್ದೇ ಇನ್ನೊಂದು ಸಾಧನ ಶುರುಮಾಡಿದರು. ಅದರಲ್ಲೂ ಬಂಡಲ್ ಇದೆ, ಬೈಸೆಕ್ಟ್ ಇದೆ. ಕೆಲವೇ ತಿಂಗಳಲ್ಲಿ ಲಿನಸ್ ಗಿಟ್ ಅನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು, ಅಂದಿನಿಂದ ಅದನ್ನು ನೋಡಿಕೊಳ್ಳುತ್ತಿರುವವರು ಅವರು. ಅವರೆಲ್ಲರ ಶ್ರಮ ನಮ್ಮ ಮಲೆನಾಡಿನ ಮಳೆಗೂ ಒದಗಿತಲ್ಲ ಅಂತ ನನಗೆ ನಿಜವಾಗಿ ಸಂತೋಷ.

ಮಧ್ಯಾಹ್ನ ಅವಳ ಫೋನ್ ಬಂತು. "ಅಣ್ಣಾ, ಪೆನ್‌ಡ್ರೈವ್ ಸಿಕ್ತು. ಬಂಡಲ್ ನಾನು ಯಾವತ್ತೂ ಮಾಡಿಲ್ಲ. ಈಗ ಏನು ಮಾಡ್ಲಿ?"

"ಮೊದಲು ಟರ್ಮಿನಲ್ ತೆಗೆ. ಗಿಟ್, ಬಂಡಲ್, ವೆರಿಫೈ, ಆಮೇಲೆ ಫೈಲಿನ ದಾರಿ ಕೊಡು."

"ಓಕೆ ಅಂತ ಬಂತು."

"ಹಾಂ, ಈಗ ಗಿಟ್ ಫೆಚ್ ಅಂತ ಹಾಕಿ ಅದೇ ಫೈಲ್ ಕೊಡು. ಬ್ರಾಂಚ್ ಹೆಸರು 'ರಶೀದಿ', ಕೋಲನ್, ಮತ್ತೆ 'ರಶೀದಿ'."

ಕಮಾಂಡ್ ಲೈನ್ ನನಗೆ ಇಷ್ಟವಾಗುವುದು ಇಲ್ಲೇ. ಅದು ಮಾತು. ಫೋನಿನಲ್ಲಿ ಓದಿ ಹೇಳಬಹುದು, ಚೀಟಿಯಲ್ಲಿ ಬರೆದು ಕಳಿಸಬಹುದು. ಎಡಗಡೆಯ ಮೂರನೇ ಬಟನ್ ಒತ್ತು, ಅದು ನಿನ್ನ ಆವೃತ್ತಿಯಲ್ಲಿ ಎಲ್ಲಿದೆಯೋ ನೋಡು ಅಂತ ಕರಕರ ಅನ್ನುವ ಲೈನಿನಲ್ಲಿ ಹೇಳಿ ನೋಡಿ, ಕಷ್ಟ ಗೊತ್ತಾಗುತ್ತದೆ.

"ಬಂತು ಅಣ್ಣಾ. ನೀವು ಕಳ್ಸಿದ್ದೇ ಇದು ಅಂತ ಹೆಂಗೆ ಗೊತ್ತಾಗತ್ತೆ?"

ಒಳ್ಳೆಯ ಪ್ರಶ್ನೆ. ಪ್ರತಿ ಕಮಿಟ್‌ಗೂ 40 ಅಂಕಿ-ಅಕ್ಷರಗಳ ಒಂದು ಗುರುತು ಇರುತ್ತದೆ. ಫೈಲುಗಳು, ಹಿಂದಿನ ಕಮಿಟ್, ಬರೆದವರು, ಹೊತ್ತು, ಬರೆದ ಮಾತು ಎಲ್ಲದರಿಂದ ಲೆಕ್ಕ ಹಾಕಿ ತೆಗೆದದ್ದು ಅದು. ಎಲ್ಲಾದರೂ ಒಂದು ಚುಕ್ಕೆ ಬದಲಾದರೂ ಗುರುತೇ ಬೇರೆಯಾಗುತ್ತದೆ. "ಲಾಗ್ ನೋಡಿ ಮೊದಲ ಏಳು ಓದು ಮಾರಾಯ್ತಿ" ಅಂದೆ. ಬಿ, ಡಿ, ಇ ಎಲ್ಲ ಆ ಲೈನಿನಲ್ಲಿ ಒಂದೇ ಥರ ಕೇಳುತ್ತಿದ್ದವು. ಅವಳೇ ಉಪಾಯ ಮಾಡಿದಳು: "ಬೆಂಗಳೂರು ಬಿ, ನಾಲ್ಕು, ದಾವಣಗೆರೆ ಡಿ..." ಏಳೂ ಸರಿಹೊಂದಿದವು.

ಅವಳು ಇನ್‌ಸ್ಟಾಲರ್ ಕಟ್ಟಿ ತಾನೇ ಸಂಘಕ್ಕೆ ಹೋಗಿ ಹಾಕಿಕೊಟ್ಟಳು. ಮಾತು ಕೊಟ್ಟ ಹಾಗೆ ಸಂಜೆಯೊಳಗೆ ಕೆಲಸ ಆಯಿತು. ಕಾರ್ಯದರ್ಶಿಗಳು ಒಂದಷ್ಟು ರಶೀದಿ ತೆಗೆದು, ಪಾಸ್‌ಬುಕ್ ಪಕ್ಕ ಇಟ್ಟು ನೋಡಿ, "ಈಗ ಸಮ ಆತು" ಅಂದರಂತೆ.

ಫೈಬರ್ ಸರಿಯಾದ ಮೇಲೆ ಪುಶ್ ಮಾಡಿದೆವು. ಎಲ್ಲ ಮುಗಿದ ಮೇಲೆ ಸರ್ವರಿಗೆ ಸುದ್ದಿ ಮುಟ್ಟಿತು. ಸಂಘದಲ್ಲಿ ಓಡುತ್ತಿರುವುದೂ ಸರ್ವರಿಗೆ ಹೋದದ್ದೂ ಅದೇ ಗುರುತಿನ ಅದೇ ಕಮಿಟ್. ಬೆಂಗಳೂರಿನ ಗೆಳೆಯ ಅದೇ ದಿನ ಕೂತು ಓದಿದ. ಅಗಲ ಅಳೆಯುವ ಕ್ರಮ ಅವನಿಗೆ ಮೆಚ್ಚಿಗೆಯಾಯಿತು. "ಅರ್ಕಾವತ್ತಿನ ಹೆಸರು ಹಾಕಿ ನೋಡಿದ್ದೀಯಾ? 'ಕೀರ್ತಿ' ಇದ್ದರೆ?" ಅಂತ ಕೇಳಿದ. ಅದು ಸರಿಯಾಗೇ ಬಂತು. 'ರಾಜ್‌ಕುಮಾರ್' ಥರದ ಹೆಸರಿನಲ್ಲಿ ಜ ಮತ್ತು ಕ ಅಂಟದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಿರುತ್ತಾರೆ. ಅಲ್ಲಿ ಹಳೆಯ ಫಂಕ್ಷನ್ ಎರಡನ್ನೂ ಒಂದೇ ಅಕ್ಷರ ಅಂತ ಎಣಿಸುತ್ತಿತ್ತು. ಅವನೇ ಅದನ್ನು ಸರಿಮಾಡಿ, ಹೆಸರುಗಳ ಪರೀಕ್ಷೆಯನ್ನೂ ಬೆಳೆಸಿ, ಏಕೆ ಅಂತ ಎರಡು ಸಾಲು ಬರೆದು ಕಮಿಟ್ ಮಾಡಿದ. ಮುಂದಿನ ಆವೃತ್ತಿ ಅದರ ಮೇಲೆಯೇ ಹೋಯಿತು.