ಹುಲ್ಲು ತುಂಬಿದ ಕರು, ಅವ್ವ ಕೇಳಿದ ಪ್ರಶ್ನೆ

ಹೋದ ಕಾರ್ತೀಕದಲ್ಲಿ ಊರಲ್ಲಿ ನಮ್ಮ ಹಸು ಕರು ಹಾಕ್ತು. ಹಳ್ಳಿಕಾರ್ ಹಸು, ಮೂರನೇ ಸೂಲು. ಸೀಮೆ ಹಸು ಥರ ಕ್ಯಾನ್ ತುಂಬಿಸೋ ಹಸು ಅಲ್ಲ, ಹೊತ್ತಿಗೆ ಒಂದು ಒಂದೂವರೆ ಲೀಟರ್ ಅಷ್ಟೆ, ಆದ್ರೆ ಅವ್ವಂಗೆ ಅದೇ ಇಷ್ಟ, ಡೈರಿಗೆ ಹಾಕೋಕಲ್ಲ ಮನೆಗೆ. ಗಿಣ್ಣು ಕಾಸಿ ಅಕ್ಕಪಕ್ಕದ ನಾಕು ಮನೆಗೆ ಕೊಟ್ಟು ಬಂದಿದ್ಲು. ಒಂಬತ್ತನೇ ದಿನ ಕರುಗೆ ಬೇಧಿ ಶುರುವಾಯ್ತು, ಡಾಕ್ಟ್ರು ಬಂದು ಡ್ರಿಪ್ ಹಾಕಿದ್ರು, ಬೆಳಗಿನ ಜಾವಕ್ಕೆ ಹೋಗ್ಬಿಡ್ತು.

ನಾನು ಮೈಸೂರಿಂದ ಶನಿವಾರ ಸಂಜೆ ಟ್ರೈನ್ ಹತ್ತಿ ಪಾಂಡವಪುರದಲ್ಲಿ ಇಳ್ದು ಮನೆ ಸೇರೋ ಹೊತ್ತಿಗೆ ಹಸು ಎರಡು ದಿನದಿಂದ ಹಾಲು ಕೊಟ್ಟಿರ್ಲಿಲ್ಲ. ನಾಟಿ ಹಸು ಸಾಕಿರೋರಿಗೆ ಗೊತ್ತು, ಮೊದ್ಲು ಕರು ಬಿಡ್ಬೇಕು, ಅದು ಗುದ್ದಿ ಗುದ್ದಿ ಚೀಪಿದ್ಮೇಲೇನೇ ಸೊರೆ ಬಿಡೋದು, ಕರು ಇಲ್ಲ ಅಂದ್ರೆ ಕೆಚ್ಚಲು ಕಲ್ಲಾಗಿದ್ರೂ ಹಾಲು ಮೇಲಕ್ಕೆ ಎಳ್ಕೊಂಡು ನಿಂತ್ಬಿಡುತ್ತೆ. ಹಿಂದಿನ ಬೀದಿ ತಾತ ಒಬ್ರು ಹಳೇ ಕಾಲದ ಉಪಾಯ ಮಾಡಿದ್ರು. ಸತ್ತ ಕರುವಿನ ಚರ್ಮಕ್ಕೆ ಉಪ್ಪು ಬೂದಿ ಸವರಿ ಒಳಗೆ ಭತ್ತದ ಹುಲ್ಲು ತುಂಬಿ ಗೋಣಿ ದಬ್ಬಳದಲ್ಲಿ ಹೊಲಿದು ತಂದು ಹಸು ಮುಂದೆ ಇಟ್ರು. ಕಾಲು ಇಲ್ಲ, ಕಣ್ಣಿನ ಜಾಗದಲ್ಲಿ ಬರೀ ತೂತು. ಹಸು ಮೂಸ್ತು. ಆಮೇಲೆ ನೆಕ್ಕೋಕೆ ಶುರು ಮಾಡ್ತು, ಕುತ್ತಿಗೆಯಿಂದ ಹಿಡಿದು ಬೆನ್ನು ಪೂರ್ತಿ, ಕೂದ್ಲೆಲ್ಲ ಒಂದೇ ಕಡೆ ಮಲಗೋ ಹಂಗೆ. ಅವ್ವ ಮೆಲ್ಲಗೆ ಕೆಚ್ಚಲಿಗೆ ನೀರು ಎರಚಿ ಕೂತ್ಲು, ತಂಬಿಗೆಗೆ ಚರ್ ಚರ್ ಅಂತ ಹಾಲು ಬೀಳೋ ಸದ್ದು ಬಂತು.

ಹಾಲು ಕರೀತಾನೇ, ನನ್ನ ಕಡೆ ತಿರುಗದೇನೇ ಅವ್ವ ಕೇಳಿದ್ಲು. "ಅಲ್ಲ ಕಣ್ಲಾ ಮಗ, ಒಂಬತ್ ದಿನಕ್ಕೆ ಕಿತ್ಕೊಳೋದಾಗಿದ್ರೆ ಯಾಕ್ಲಾ ಉಟ್ಟುಸ್ಬೇಕಾಗಿತ್ತು ಅವ್ನು? ಇದ್ನೆಲ್ಲಾವ ಯಾಕ್ಲಾ ಮಾಡ್ದ? ಏನೇನೋ ಓದ್ತಿಯಲ್ಲ, ಏಳು."

ಓದ್ತೀನಿ ನಿಜ. ಏಳೆಂಟು ವರ್ಷದಿಂದ ಕನ್ನಡ ಅನುವಾದ ಪಕ್ಕದಲ್ಲಿ ಇಟ್ಕೊಂಡು ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರಕ್ಕೆ ಆಚಾರ್ಯರು ಬರೆದ ವಿವರಣೆಗಳನ್ನ, ಅಂದ್ರೆ ಭಾಷ್ಯಗಳನ್ನ, ನಿಧಾನಕ್ಕೆ ಓದ್ಕೊಂಡು ಬರ್ತಿದೀನಿ, ಬೇರೆ ಧರ್ಮದವ್ರು ಏನಂತಾರೆ ಅಂತಾನೂ ಸಿಕ್ಕಷ್ಟು ಓದಿದೀನಿ, ಆದ್ರೆ ಕೊಟ್ಟಿಗೇಲಿ ನಿಂತಾಗ ಬಾಯಿಗೆ ಒಂದೂ ಬರ್ಲಿಲ್ಲ. ಅವತ್ತಿಂದ ಅದೇ ತಲೇಲಿ ಕೊರೀತಾ ಇದೆ, ಅದಕ್ಕೇ ಇಲ್ಲಿ ಬರೀತಿರೋದು.

ನಮ್ಮ ಕಡೆ ಯಾರನ್ನಾದ್ರೂ ಕೇಳಿ ದೇವ್ರು ಜಗತ್ತು ಯಾಕೆ ಮಾಡ್ದ ಅಂತ, 'ಎಲ್ಲಾ ಅವನ ಲೀಲೆ' ಅಂದ್ಬಿಡ್ತಾರೆ. ಈ ಮಾತು ಸುಮ್ನೆ ಬಾಯಿಮಾತಿಗೆ ಬಂದಿದ್ದಲ್ಲ, ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೊದಲನೇ ಪಾದದಲ್ಲಿ ಇರೋದು, 'ಲೋಕವತ್ತು ಲೀಲಾಕೈವಲ್ಯಮ್' ಅಂತ, ಅಂದ್ರೆ ಲೋಕದಲ್ಲಿ ಕಾಣೋ ಹಂಗೆ ಇದು ಬರೀ ಲೀಲೆ ಅಂತ. ಅದರ ಹಿಂದಿನ ಸೂತ್ರದಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ. ಯಾರೇ ಏನೇ ಮಾಡಿದ್ರೂ ಏನೋ ಬೇಕು ಅಂತ ಮಾಡ್ತಾರೆ, ದೇವ್ರಿಗೆ ಏನೋ ಬೇಕಿತ್ತು ಅಂದ್ರೆ ಅವನಲ್ಲಿ ಕೊರತೆ ಇತ್ತು ಅಂತಾಯ್ತು, ಏನೂ ಬೇಡ ಅಂದ್ರೆ ಮಾಡೋ ಕಾರಣಾನೇ ಇಲ್ಲ. ಅದಕ್ಕೆ ಉತ್ತರವಾಗಿ ಲೀಲೆ ಬರೋದು. ಶಂಕರರು ಎಲ್ಲಾ ಇರೋ ರಾಜ ಸುಮ್ನೆ ಆಡೋ ಆಟದ ಉದಾಹರಣೆ ಕೊಡ್ತಾರೆ, ಜೊತೆಗೇ ಉಸಿರಾಟದ್ದೂ ಕೊಡ್ತಾರೆ, ಯಾರೂ ಲಾಭ ಲೆಕ್ಕ ಹಾಕಿ ಉಸಿರಾಡಲ್ಲ. ನಮ್ಮ ಮನೆ ಜಗಲೀಲಿ ನಿಂತ್ರೆ ಮೇಲುಕೋಟೆ ಬೆಟ್ಟ ಕಾಣುತ್ತೆ, ಸಂಪ್ರದಾಯದ ಪ್ರಕಾರ ಅಲ್ಲಿ 12 ವರ್ಷ ಇದ್ದ ರಾಮಾನುಜರು ಇದೇ ಸೂತ್ರಕ್ಕೆ ಭೂಮಂಡಲ ಆಳೋ ಮಹಾರಾಜ ಚೆಂಡಾಡೋ ಹೋಲಿಕೆ ಕೊಟ್ಟಿದಾರೆ. ಮಧ್ವರ ಹೋಲಿಕೆ ಇನ್ನೂ ಬಿಸಿ ಇದೆ, ಮತ್ತೇರಿದವನು ಸುಖ ಉಕ್ಕಿ ಕುಣಿದು ಹಾಡ್ತಾನಲ್ಲ ಹಂಗೆ ಅಂತಾರೆ, ಏನೋ ಪಡೆಯೋಕೆ ಅಲ್ಲ, ಒಳಗೆ ತಡೀಲಾರದೇ. ಮೂರೂ ಮತದವ್ರು ಮಿಕ್ಕಿದ್ದಕ್ಕೆಲ್ಲ ಕಿತ್ತಾಡಿದ್ರೂ ಇಲ್ಲಿ ಒಂದೇ ಕಡೆ ನಿಲ್ತಾರೆ.

ಓದುವಾಗ ನಂಗೆ ಇದು ಎಷ್ಟು ಚೆಂದ ಅನ್ಸಿತ್ತು. ಆದ್ರೆ ಆ ತೂತುಗಣ್ಣಿನ ಕರು ನೋಡಿದ್ಮೇಲೆ 'ಆಟ' ಅನ್ನೋ ಪದಾನ ಅವ್ವನ ಮುಂದೆ ಹೇಳೋಕಾಗುತ್ತಾ? ನಮ್ಮ ಆಫೀಸಲ್ಲಿ ನನ್ನ ಪಕ್ಕದ ಟೇಬಲ್ ಗೆಳೆಯ ಇದಾರೆ, ಉದಯಗಿರಿಯವ್ರು, ಐದು ಹೊತ್ತು ನಮಾಜು ತಪ್ಪಿಸಲ್ಲ, ಅವ್ರ ಹತ್ರ ಈ ವಿಷ್ಯ ಬಂದಾಗ ಅವ್ರು ಹೇಳಿದ್ದು, ಕುರಾನ್ ಇದನ್ನೇ ನೇರವಾಗಿ ಅಲ್ಲಗಳೆಯುತ್ತೆ ಅಂತ. 21ನೇ ಅಧ್ಯಾಯದ 16ನೇ ವಚನ, ಆಕಾಶ ಭೂಮಿ ಮಧ್ಯೆ ಇರೋದು ಯಾವುದನ್ನೂ ನಾವು ಆಟಕ್ಕೆ ಸೃಷ್ಟಿ ಮಾಡಿಲ್ಲ ಅಂತ. 51ನೇ ಅಧ್ಯಾಯದಲ್ಲಿ ಜಿನ್ನ್‌ಗಳನ್ನ ಮನುಷ್ಯರನ್ನ ಸೃಷ್ಟಿಸಿದ್ದು ನನ್ನ ಆರಾಧನೆಗೆ ಅಂತ ಬರುತ್ತೆ. 'ನಿಮ್ಮ ಲೀಲೆ ಕೇಳಿದ್ರೆ ನಂಗೆ ಭಯ ಆಗುತ್ತೆ ಸಾರ್, ಆಟ ಆದ್ರೆ ನಮ್ಮ ಅಳುಗೆ ಬೆಲೆ ಏನು' ಅಂದ್ರು. ಆ ಮಾತು ನೆಟ್ಟಗೆ ಬಂದು ತಾಕ್ತು.

ಅವ್ವನ ಪ್ರಶ್ನೇನ ಹೆಚ್ಚುಕಮ್ಮಿ ಅದೇ ಮಾತಲ್ಲಿ 9ನೇ ಶತಮಾನದಲ್ಲೇ ಒಬ್ರು ಕೇಳಿದಾರೆ. ಜೈನ ಮುನಿ ಜಿನಸೇನಾಚಾರ್ಯರು, ರಾಷ್ಟ್ರಕೂಟರ ರಾಜ ಅಮೋಘವರ್ಷನ ಗುರುಗಳು. ಅವ್ರ ಮಹಾಪುರಾಣದಲ್ಲಿ ಸೃಷ್ಟಿಕರ್ತ ಅನ್ನೋ ಮಾತನ್ನ ಒಂದೊಂದೇ ಎಳೆ ಬಿಡಿಸಿ ಇಡ್ತಾರೆ. ಪೂರ್ಣನಾದವನಿಗೆ ಮಾಡ್ಬೇಕು ಅನ್ನೋ ಆಸೆ ಎಲ್ಲಿಂದ ಬಂತು, ಪೂರ್ಣನಲ್ಲ ಅಂದ್ರೆ ಕುಂಬಾರನಿಗಿಂತ ಅವನು ಹೆಚ್ಚೇನಲ್ಲ, ಜೀವಿಗಳ ಮೇಲಿನ ಕರುಣೆಗೆ ಮಾಡ್ದ ಅಂದ್ರೆ ಎಲ್ಲಾ ಸುಖವಾಗೇ ಯಾಕೆ ಮಾಡ್ಲಿಲ್ಲ. ಜೈನರ ಪ್ರಕಾರ ಲೋಕ ಯಾರೂ ಮಾಡಿದ್ದಲ್ಲ, ಆದಿ ಇಲ್ಲ ಅಂತ್ಯ ಇಲ್ಲ. ಅಲ್ಲಿಗೆ ದೇವರ ಮೇಲಿನ ದೂರು ಮುಗೀತು ನಿಜ. ಆದ್ರೆ ಅವ್ವ ದೂರು ಹೇಳ್ತಿದ್ದೇ ದೇವ್ರು ಇದಾನೆ ಅನ್ನೋ ಸಲುಗೇಲಿ, ಅವನನ್ನೇ ತೆಗೆದು ಹಾಕಿದ್ರೆ ಅವ್ಳು ಯಾರ ಹತ್ರ ಜಗಳ ಆಡ್ಬೇಕು.

ಸೂತ್ರಕಾರರೂ ಈ ನೋವಿನ ಪ್ರಶ್ನೆ ಬಿಟ್ಟು ಮುಂದೆ ಹೋಗಿಲ್ಲ, ಲೀಲೆ ಸೂತ್ರ ಆದ್ಮೇಲೆ ತಕ್ಷಣ ಬರೋದೇ 'ವೈಷಮ್ಯ ನೈರ್ಘೃಣ್ಯ', ಅಂದ್ರೆ ಒಬ್ರಿಗೆ ಒಂಥರ ಇನ್ನೊಬ್ರಿಗೆ ಇನ್ನೊಂಥರ ಮಾಡೋ ಪಕ್ಷಪಾತ, ದಯೆ ಇಲ್ಲದಿರೋದು, ಈ ಎರಡು ಆರೋಪ ದೇವರ ಮೇಲೆ ಬರಲ್ವಾ ಅಂತ. ಅದಕ್ಕೆ ಶಂಕರರು ಮಳೆ ಉದಾಹರಣೆ ಕೊಡ್ತಾರೆ. ಮಳೆ ಎಲ್ಲಾದಕ್ಕೂ ಒಂದೇ, ಭತ್ತ ಭತ್ತ ಆಗೋದು ಜವೆಗೋಧಿ ಜವೆಗೋಧಿ ಆಗೋದು ಬೀಜದ ಗುಣದಿಂದ, ಹಂಗೆ ದೇವ್ರು ಸಾಮಾನ್ಯ ಕಾರಣ, ಏರುಪೇರು ಅವರವರ ಕರ್ಮದ್ದು. ಇದನ್ನ ಮಾರನೇ ದಿನ ಭಾನುವಾರ ಅವ್ವಂಗೆ ಹೇಳ್ದೆ, ನಾಲೆ ನೀರು ಇಟ್ಕೊಂಡು. ವಿಸಿ ನಾಲೆ ನೀರು ಒಂದೇ ಅಲ್ವಾ ಅವ್ವ, ನಮ್ಮ ಗದ್ದೇಲಿ ಭತ್ತ ಆಗುತ್ತೆ ಪಕ್ಕದವ್ರ ಗದ್ದೇಲಿ ಕಬ್ಬು ಆಗುತ್ತೆ, ನೀರನ್ನ ಬಯ್ಯೋಕಾಗುತ್ತಾ ಅಂದೆ. ಅವ್ವ ಸೊಪ್ಪು ಬಿಡಿಸ್ತಾ ಇದ್ಲು, ಕೈ ನಿಲ್ಲಿಸ್ದೇನೇ "ನೀರ್ನ ಯಾರ್ಲಾ ಬಯ್ದೋರು, ಮೊದುಲ್ನೇ ಬಿತ್ತ್ನೆ ಯಾರ್ ತಂದ್ರು ಏಳು" ಅಂದ್ಲು.

ನಂಗೆ ಮೈ ಜುಂ ಅಂತು. ಯಾಕಂದ್ರೆ ಅದರ ಮುಂದಿನ ಸೂತ್ರದ ಆಕ್ಷೇಪ ಅದೇ, ಅಕ್ಷರಶಃ ಅದೇ. ಸೃಷ್ಟಿಗೆ ಮುಂಚೆ ಯಾರೂ ಇರ್ಲಿಲ್ಲ ಅಂದ್ಮೇಲೆ ಕರ್ಮ ಎಲ್ಲಿಂದ ಬಂತು ಅಂತ. ಅದಕ್ಕೆ ಅಲ್ಲಿರೋ ಉತ್ತರ ಸಂಸಾರ ಅನಾದಿ, ಬೀಜ ಮೊದಲೋ ಮೊಳಕೆ ಮೊದಲೋ ಅನ್ನೋ ಥರ. ತರ್ಕಕ್ಕೆ ಸರಿ ಇರಬಹುದು, ನಾನು ಒಪ್ತೀನಿ ಕೂಡ. ಆದ್ರೆ ಒಂಬತ್ತು ದಿನದ ಕರು ಯಾವ ಜನ್ಮದ್ದೋ ತೀರಿಸ್ತು ಅಂತ ಅದರ ತಾಯಿ ಎದುರಿಗೆ ನಿಂತು ಹೇಳೋ ಧೈರ್ಯ ನಂಗಿಲ್ಲ, ಯಾರಿಗೂ ಇರಬಾರದು ಅಂತಾನೂ ಅನ್ಸುತ್ತೆ. ಬುದ್ಧ ಮಾಲುಂಕ್ಯಪುತ್ತ ಅನ್ನೋ ಭಿಕ್ಷುಗೆ ಹೇಳಿದ್ದು ಇದಕ್ಕೇ ಇರಬೇಕು, ವಿಷದ ಬಾಣ ಚುಚ್ಕೊಂಡಿರೋನು ಹೊಡೆದವನು ಯಾವ ಊರು ಯಾವ ಕುಲ ಅಂತ ವಿಚಾರಿಸ್ತಾ ಕೂತ್ರೆ ಸತ್ತೇ ಹೋಗ್ತಾನೆ, ಮೊದ್ಲು ಬಾಣ ಕೀಳು ಅಂತ. ಟಿಬೆಟಿಯನ್ನರು ಇರೋ ಬೈಲಕುಪ್ಪೆಗೆ ಹೋದಾಗೆಲ್ಲ ಅಲ್ಲಿಯ ಭಿಕ್ಷುಗಳನ್ನ ನೋಡಿ ಆ ಮಾತು ನೆನಪಾಗುತ್ತೆ. ಆದ್ರೂ ಕೇಳೋದನ್ನ ಬಿಡೋಕೆ ನನ್ನ ಕೈಲಾಗಲ್ಲ.

ಸೈನ್ಸ್ ಓದ್ದೋರು ಬಿಗ್ ಬ್ಯಾಂಗ್ ಇದೆಯಲ್ಲ ಅಂತಾರೆ. ಸುಮಾರು 1380 ಕೋಟಿ ವರ್ಷದ ಹಿಂದೆ ಆಗಿದ್ದು, ಹೆಂಗೆ ಹಿಗ್ಗಿತು ಅನ್ನೋದನ್ನ ಅದು ಹೇಳುತ್ತೆ, ಯಾಕೆ ಅನ್ನೋದನ್ನಲ್ಲ. ವಿಶ್ವ ಒಂದು ಆದಿ ಕಣದಿಂದ ಶುರುವಾಯ್ತು ಅಂತ 1931ರಲ್ಲಿ ಹೇಳಿದ ಲೆಮೈತ್ರ್ ಸ್ವತಃ ಪಾದ್ರಿ, ಅವ್ರೇ ಧರ್ಮ ವಿಜ್ಞಾನ ಎರಡನ್ನೂ ಬೆರೆಸೋಕೆ ಹೋಗ್ಲಿಲ್ಲ.

ನಂಗೆ ಕೊನೆಗೆ ಹಿಡಿದು ನಿಲ್ಲಿಸಿದ್ದು ಹಾಲಿನ ವಾದ. ಸಾಂಖ್ಯ ಅನ್ನೋ ಹಳೇ ದರ್ಶನದವ್ರಿಗೆ ದೇವ್ರು ಬೇಕಿಲ್ಲ, ಜಗತ್ತಾಗಿರೋ ಪ್ರಕೃತಿ ಜಡ, ಆದ್ರೂ ಪುರುಷನ, ಅಂದ್ರೆ ಒಳಗಿರೋ ಚೇತನದ, ಬಿಡುಗಡೆಗಾಗಿ ಕೆಲಸ ಮಾಡುತ್ತೆ ಅಂತಾರೆ. ಜಡ ವಸ್ತು ಇನ್ನೊಬ್ರಿಗೋಸ್ಕರ ಹೆಂಗೆ ಕೆಲಸ ಮಾಡುತ್ತೆ ಅಂದ್ರೆ ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 57ನೇ ಕಾರಿಕೆ ತೋರಿಸೋದು ಹಾಲನ್ನ, ಹಾಲಿಗೆ ಬುದ್ಧಿ ಇಲ್ಲ, ಆದ್ರೂ ಕರು ಬೆಳೀಲಿ ಅಂತ ತಾನೇ ಹರಿಯುತ್ತೆ. ಇದಕ್ಕೆ ಶಂಕರರು ಕೊಡೋ ಉತ್ತರ ಓದಿದ್ರೆ ಅವ್ರು ಯಾವುದೋ ಕೊಟ್ಟಿಗೇಲಿ ಹಾಲು ಕರೆಯೋದನ್ನ ಕೂತು ನೋಡಿರ್ಲೇಬೇಕು ಅನ್ಸುತ್ತೆ. ಹಾಲು ತಾನಾಗಿ ಹರಿಯಲ್ಲ, ಹಸುಗೆ ಜೀವ ಇದೆ, ಕರು ಮೇಲಿನ ಪ್ರೀತಿಗೆ ಅದು ಹಾಲು ಬಿಡೋದು, ಕರು ಚೀಪೋದೂ ಎಳೆಯುತ್ತೆ ಅಂತಾರೆ. ಸ್ವಲ್ಪ ಮುಂದೆ, ಹುಲ್ಲೇ ತಾನಾಗಿ ಹಾಲಾಗೋದಾದ್ರೆ ಎತ್ತು ತಿಂದ ಹುಲ್ಲೂ ಹಾಲಾಗ್ಬೇಕಿತ್ತಲ್ಲ ಅಂತಾನೂ ಬರುತ್ತೆ.

ನಾನು ಕಣ್ಣಾರೆ ನೋಡಿದ್ನಲ್ಲ. ಅಲ್ಲಿ ಚೀಪೋಕೆ ಕರು ಇರ್ಲಿಲ್ಲ. ಹುಲ್ಲು, ಉಪ್ಪು, ಹೊಲಿಗೆ. ಹಸುಗೆ ಮೋಸ ಹೋಗೋ ಅಷ್ಟು ದಡ್ಡತನ ಇತ್ತು ಅಂತ ನಾನು ನಂಬಲ್ಲ, ಕಾಲಿಲ್ಲ ಕಣ್ಣಿಲ್ಲ ಅಂತ ಅದಕ್ಕೂ ಗೊತ್ತಾಗಿರುತ್ತೆ, ಆದ್ರೂ ನೆಕ್ತು, ಹಾಲು ಇಳೀತು. ಲೀಲೆ ಅನ್ನೋದನ್ನ ಆಟ ಅಂತ ಓದ್ದೆ ಮಧ್ವರು ಹೇಳಿದ ಹಂಗೆ ಉಕ್ಕೋದು ಅಂತ ಓದ್ಕೊಂಡ್ರೆ, ಸೃಷ್ಟಿ ಅಂದ್ರೆ ಇಂಥದ್ದೇ ಏನೋ ಇರಬೇಕು ಅಂತ ನಂಗೆ ಈಗ ಅನ್ಸೋದು. ಯಾವುದಕ್ಕೋಸ್ಕರ ಅಂತಲ್ಲ, ತುಂಬ್ಕೊಂಡಿದ್ದು ನಿಲ್ಲದೇ ಬಂದಿದ್ದು. ಆದ್ರೆ ಇದು ಜಗತ್ತು ಯಾಕೆ ಬಂತು ಅನ್ನೋದಕ್ಕೆ ಉತ್ತರ ಆದೀತು, ಕರು ಯಾಕೆ ಹೋಯ್ತು ಅನ್ನೋದಕ್ಕೆ ಆಗಲ್ಲ. ಈ ಎರಡನ್ನ ಒಂದೇ ಗಂಟು ಮಾಡೋಕೆ ನಾನು ಪಟ್ಟ ಪಾಡೆಲ್ಲ ಕೈಲೇ ಉಳೀತು.

ಹದಿನೈದು ದಿನ ಬಿಟ್ಟು ಊರಿಗೆ ಹೋದಾಗ ಹಸು ಹಾಲು ಬತ್ತಿಸ್ಕೊಂಡಿತ್ತು. ಹುಲ್ಲಿನ ಕರುನ ತಿಪ್ಪೆಗೆ ಎಸೆಯೋಕೆ ಅವ್ವ ಬಿಟ್ಟಿರ್ಲಿಲ್ಲ, ಗೋಣಿಚೀಲ ಸುತ್ತಿ ಅಟ್ಟದ ಮೇಲೆ ಇಟ್ಟಿದ್ಲು. ಸಂಜೆ ಜಗಲೀಲಿ ಕೂತು ಅವ್ಳಿಗೆ ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ ಹೇಳ್ದೆ, ಏಳೇ ಮಂತ್ರ, ಒಂದೊಂದಕ್ಕೂ ಅರ್ಥ ಹೇಳ್ತಾ. ಆಗ ಇದ್ದಿದ್ದೂ ಇರ್ಲಿಲ್ಲ, ಇಲ್ಲದ್ದೂ ಇರ್ಲಿಲ್ಲ, ಸಾವೂ ಇರ್ಲಿಲ್ಲ, ಕತ್ತಲೆಗೆ ಕತ್ತಲೆ ಮುಚ್ಕೊಂಡಿತ್ತು, ಮೊದಲು ಹುಟ್ಟಿದ್ದು ಕಾಮ, ಅಂದ್ರೆ ಬಯಕೆ. ದೇವತೆಗಳೂ ಆಮೇಲೆ ಬಂದೋರು, ಅವ್ರಿಗೇನು ಗೊತ್ತು. ಕೊನೇ ಸಾಲಿಗೆ ಬಂದಾಗ, ಮೇಲೆ ಪರಮ ಆಕಾಶದಲ್ಲಿ ಕೂತು ಇದನ್ನೆಲ್ಲ ನೋಡ್ಕೊಳ್ತಿರೋನು ಇದಾನಲ್ಲ, ಅವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದೇ ಇರಬಹುದು ಅಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ನಿದ್ಲು. ಬೆಟ್ಟದ ಮೇಲೆ ದೀಪ ಹತ್ತಿತ್ತು.

"ಅವುನ್ಗೂ ಗೊತ್ತಿಲ್ವಂತಾ?" ಅಂದ್ಲು. "ಅಯ್ಯೋ, ಪಾಪ."

ಆಮೇಲೆ ಎದ್ದು ಕಲಗಚ್ಚು ಬೆರೆಸೋಕೆ ಹೋದ್ಲು, ಹಸು ಆಗ್ಲೇ ಕೂಗ್ತಿತ್ತು.